ಕೋಳಿಗಳ ರಾಣಿಖೇತ್ ವ್ಯಾಧಿಯೂ ಅದರ ಬಲಾಬಲಗಳೂ

ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಮ್ಮ ತಮ್ಮ ಸಂಸಾರಗಳನ್ನು ನಡಿಸುತ್ತಾ, ಮನೆಯ ಹಿತ್ತಲಿನಲ್ಲಿ ಹತ್ತಾರು ಕೋಳಿಗಳನ್ನು ಸಾಕಿಕೊಂಡಿರುವರು. ಈಗ ಕಲಿಯುತ್ತಿರುವ ಬಾಲಕಿಯರ ಪೋಷಕರಲ್ಲಿಯೂ ಅಂಥವರು ಬಹು ಮಂದಿ ಉಂಟು. ಮೊಟ್ಟೆ ಮಾರಿ ಬಂದ ಹಣವು ಎಷ್ಟೋ ಮನೆಗಳಲ್ಲಿ ತಾಯಿಯ ಕೈಯಲ್ಲೇ ಉಳಿಯುವ ಹಣವಾಗಿದೆ. ಮಗಳ ಪುಸ್ತಕ, ಉಡುಪು, ಪರೀಕ್ಷೆಯ ಶುಲ್ಕ ಇವುಗಳಿಗೆ ಅದೇ ಆಧಾರ. ಹೀಗಿರಲಾಗಿ, ಒಂದೇ ವಾರದೊಳಗೆ ಕೋಳಿಗೂಡು ಬರಿದಾಗುವದೆಂದರೆ ಅದು ಅಲ್ಪವಾದ ನಷ್ಟವಲ್ಲ. ಆದಕಾರಣ ಈ ಸಂಚಿಕೆಯಲ್ಲಿ ಕೋಳಿಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವ ರಾಣಿಖೇತ್ ವ್ಯಾಧಿಯ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುವದು ಉಚಿತವೆಂದು ನಾವು ಎಣಿಸಿದೆವು.

ಈ ರೋಗದ ವಿಷಯದಲ್ಲಿ ಜನರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಒಂದೇ ಹೆಸರಿನ ರೋಗವು ಒಂದು ಊರಿನಲ್ಲಿ ಕೋಳಿಗಳನ್ನೆಲ್ಲಾ ಕೊಂದುಹಾಕಿ, ಮತ್ತೊಂದು ಊರಿನಲ್ಲಿ ನಾಲ್ಕು ದಿನದ ಸೀನು ಕೆಮ್ಮುಗಳಿಂದ ಮುಗಿಯುವದು ಏಕೆ? ಇದು ಮೊದಲನೆಯದು. ಲಸಿಕೆ ಹಾಕಿಸಿದ ಕೋಳಿಯೂ ಸಾಯುವದನ್ನು ಕಂಡಿದ್ದೇವಲ್ಲಾ, ಹಾಗಾದರೆ ಆ ಲಸಿಕೆಯೇ ರೋಗವನ್ನು ತಂದಿತೋ? ಇದು ಎರಡನೆಯದು. ಇವೆರಡಕ್ಕೂ ಉತ್ತರವು ಆ ರೋಗಾಣುವಿನ ರಚನೆಯಲ್ಲಿಯೇ ಅಡಗಿದೆ. ಅದನ್ನು ತಿಳಿದವಳು ವೃಥಾ ಭಯಪಡುವದಿಲ್ಲ. ವೃಥಾ ಧೈರ್ಯವನ್ನೂ ತಾಳುವದಿಲ್ಲ.

ಮೊದಲು ರೋಗದ ಹೆಸರುಗಳನ್ನು ನೋಡೋಣ. 1926ನೇ ಇಸವಿಯಲ್ಲಿ ಜಾವಾ ದ್ವೀಪದಲ್ಲಿಯೂ, ಅದೇ ವರ್ಷ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಸಮೀಪದಲ್ಲಿಯೂ ಕೋಳಿಗಳಿಗೆ ಒಂದು ಹೊಸ ಬಗೆಯ ಮಾರಿಯು ತಗಲಿತು. ಡಾಯ್ಲ್ ಎಂಬ ಪಂಡಿತರು ಅದನ್ನು ಪರಿಶೋಧಿಸಿ, ಅದು ವೈರಾಣುವಿನಿಂದ ಉಂಟಾಗುವದೆಂದು ತೋರಿಸಿ, ನ್ಯೂಕಾಸಲ್ ರೋಗವೆಂದು ಹೆಸರಿಟ್ಟರು. ಮರುವರ್ಷ, ಅಂದರೆ 1927ರಲ್ಲಿ, ಹಿಮಾಲಯದ ತಪ್ಪಲಿನ ಕುಮಾವೂನ್ ಪ್ರಾಂತದ ರಾಣಿಖೇತ್ ಎಂಬ ಊರಿನಲ್ಲಿ ಅಂಥದೇ ರೋಗವು ಕಾಣಿಸಿಕೊಂಡಿತು. ಸಮೀಪದ ಮುಕ್ತೇಶ್ವರದಲ್ಲಿದ್ದ ಪಶುವೈದ್ಯ ಸಂಶೋಧನಾಲಯದ ಎಡ್ವರ್ಡ್ಸ್ ಎಂಬವರು ಅದರ ವಿವರವನ್ನು 1928ರಲ್ಲಿ ಪ್ರಕಟಿಸಿದರು. ಅಂದಿನಿಂದ ನಮ್ಮ ದೇಶದಲ್ಲಿ ರಾಣಿಖೇತ್ ರೋಗವೆಂಬ ಹೆಸರೇ ನಿಂತಿತು. ನಮ್ಮ ಕನ್ನಡ ಸೀಮೆಯಲ್ಲಿ ಇದನ್ನು ಕೊಕ್ಕರೆ ರೋಗವೆಂದೂ ಕರೆಯುವರು. ಹೆಸರುಗಳು ಬೇರೆಯಾದರೂ ವ್ಯಾಧಿಯು ಒಂದೇ.

ಇದರ ಲಕ್ಷಣಗಳನ್ನು ಕೋಳಿ ಸಾಕಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ರೋಗಾಣುವು ಒಳಹೊಕ್ಕ ಸುಮಾರು ಐದಾರು ದಿನಗಳಲ್ಲಿ, ಕೆಲವು ಸಾರಿ ಎರಡೇ ದಿನಗಳಲ್ಲಿ, ಕೆಲವು ಸಾರಿ ಹದಿನೈದು ದಿನಗಳ ತರುವಾಯ, ರೋಗವು ಹೊರಬೀಳುವದು. ಕೋಳಿಯು ಮೇವನ್ನು ಬಿಟ್ಟು ಗರಿಗೆದರಿಕೊಂಡು ತೂಕಡಿಸುವದು, ಬಾಯ್ದೆರೆದು ಏದುಸಿರು ಬಿಡುವದು, ಹಸುರಾಗಿ ಭೇದಿ ಮಾಡುವದು. ಕೆಲವಕ್ಕೆ ಕಾಲು ರೆಕ್ಕೆಗಳು ಬಿದ್ದುಹೋಗಿ, ಕುತ್ತಿಗೆಯು ಹಿಂದಕ್ಕೋ ಪಕ್ಕಕ್ಕೋ ತಿರುಚಿಕೊಳ್ಳುವದು. ಮೊಟ್ಟೆಯಿಡುವ ಕೋಳಿಗಳು ಮೊಟ್ಟೆಯನ್ನು ನಿಲ್ಲಿಸುವವು, ಇಲ್ಲವೆ ತೊಗಲಿನಂಥ ಮೆತ್ತನೆಯ ಚಿಪ್ಪಿನ ಮೊಟ್ಟೆಗಳನ್ನಿಡುವವು. ಉಗ್ರವಾದ ಬಗೆಯದಾದರೆ, ಲಸಿಕೆ ಇಲ್ಲದ ಕೋಳಿಗಳಲ್ಲಿ ನೂರಕ್ಕೆ ನೂರೂ ಸಾಯುವದುಂಟು. ಕೆಲವು ಸಾರಿ ಲಕ್ಷಣಗಳೊಂದೂ ಕಾಣುವದಕ್ಕೆ ಮುಂಚೆಯೇ ಬೆಳಿಗ್ಗೆ ಗೂಡಿನಲ್ಲಿ ಸತ್ತು ಬಿದ್ದಿರುವವು. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

ಇನ್ನು ವೈರಾಣುವಿನ ಸ್ವರೂಪವನ್ನು ಹೇಳುವೆವು. ಅದು ಬರಿಗಣ್ಣಿಗೂ ಸಾಧಾರಣವಾದ ಸೂಕ್ಷ್ಮದರ್ಶಕಕ್ಕೂ ಕಾಣಿಸದಷ್ಟು ಚಿಕ್ಕದು. ಒಳಗೆ ಆರ್‌ಎನ್‌ಎ ಎಂಬ ದ್ರವ್ಯದ ಒಂದು ನೂಲು, ಹೊರಗೆ ಒಂದು ತೆಳು ಹೊದಿಕೆ, ಹೊದಿಕೆಯ ಮೇಲೆ ಮುಳ್ಳುಗಳಂತೆ ನಿಂತ ಪ್ರೋಟೀನುಗಳು, ಇಷ್ಟೇ ಅದರ ಸಂಪತ್ತು. ಆ ನೂಲನ್ನು ಒಂದು ಬರಹವೆಂದು ಭಾವಿಸಬಹುದು. ನಮ್ಮ ವರ್ಣಮಾಲೆಯಲ್ಲಿ ಹಲವು ಅಕ್ಷರಗಳಿದ್ದರೆ, ಆ ಬರಹಕ್ಕೆ ಇರುವವು ನಾಲ್ಕೇ ಅಕ್ಷರಗಳು. ಈ ವೈರಾಣುವಿನ ಬರಹದ ಉದ್ದವು ಸುಮಾರು 15,200 ಅಕ್ಷರ. ಅದು ಆರು ಅಧ್ಯಾಯಗಳಾಗಿ, ಅಂದರೆ ಆರು ಜೀನುಗಳಾಗಿ ವಿಭಾಗವಾಗಿದೆ. ಮೂರು ಮೂರು ಅಕ್ಷರಗಳು ಕೂಡಿ ಒಂದು ಅಮಿನೋ ಆಮ್ಲವನ್ನು ಸೂಚಿಸುವವು. ಅಮಿನೋ ಆಮ್ಲಗಳು ಮಣಿಗಳಂತೆ ಪೋಣಿಸಲ್ಪಟ್ಟು ಪ್ರೋಟೀನು ಆಗುವದು.

ವೈರಾಣುವು ತಾನಾಗಿ ಬೆಳೆಯಲಾರದು. ಕೋಳಿಯ ಜೀವಕೋಶದೊಳಗೆ ಹೊಕ್ಕು, ತನ್ನ ಬರಹವನ್ನು ಅಲ್ಲಿ ಮತ್ತೆ ಮತ್ತೆ ನಕಲು ಮಾಡಿಸುವದು. ಉಕ್ತಲೇಖನ ಬರೆಯಿಸಿದ ಉಪಾಧ್ಯಾಯಿನಿಯರೆಲ್ಲರಿಗೂ ಒಂದು ಸಂಗತಿಯು ಗೊತ್ತಿದೆ. ಎಷ್ಟು ಜಾಗರೂಕಳಾದ ಹುಡುಗಿಯೂ ಉದ್ದವಾದ ಪಾಠದಲ್ಲಿ ಎಲ್ಲಿಯಾದರೂ ಒಂದು ಅಕ್ಷರವನ್ನು ತಪ್ಪುವಳು. ತಿದ್ದುವವರಿಲ್ಲದಿದ್ದರೆ ಆ ತಪ್ಪು ಹಾಗೆಯೇ ಉಳಿಯುವದು. ಆರ್‌ಎನ್‌ಎ ವೈರಾಣುಗಳಲ್ಲಿ ಹೆಚ್ಚಿನವುಗಳಿಗೆ ತಮ್ಮ ನಕಲನ್ನು ತಿದ್ದುವ ಏರ್ಪಾಡಿಲ್ಲ. ಆದ್ದರಿಂದ ಅವುಗಳ ಸಂತತಿಯಲ್ಲಿ ಭೇದಗಳು ಹುಟ್ಟುತ್ತಲೇ ಇರುವವು. ತಪ್ಪುಗಳಲ್ಲಿ ಬಹಳಷ್ಟು ನಿರರ್ಥಕವಾದವು. ಎಷ್ಟೋ ತಪ್ಪುಗಳು ವೈರಾಣುವಿಗೇ ಹಾನಿಕರ. ಆದರೆ ಎಲ್ಲೋ ಒಂದು ಕಡೆ ಒಂದು ಅಕ್ಷರವು ಬದಲಾಗುವದರಿಂದ ಅರ್ಥವೇ ತಿರುಗಿ ಬೀಳುವದುಂಟು. ಕನ್ನಡದಲ್ಲಿ ‘ಹಾಲು’ ಎಂದು ಬರೆಯುವಲ್ಲಿ ಲಕಾರಕ್ಕೆ ಬದಲಾಗಿ ಳಕಾರವನ್ನು ಬರೆದರೆ ‘ಹಾಳು’ ಆಗುವದಲ್ಲವೇ? ಈ ವೈರಾಣುವಿನಲ್ಲಿಯೂ ಅಂಥ ಒಂದು ಸ್ಥಾನವುಂಟು. ಸೌಮ್ಯವಾದದ್ದು ಮಾರಕವಾಗುವ ರಹಸ್ಯವು ಹೆಚ್ಚಾಗಿ ಅಲ್ಲಿಯೇ ಇದೆ.

ಆ ಸ್ಥಾನವು ಯಾವದೆಂದರೆ, ಹೊದಿಕೆಯ ಮೇಲಿರುವ ಎಫ್ ಎಂಬ ಪ್ರೋಟೀನಿನ ಒಂದು ಸಂದು. ವೈರಾಣುವು ಜೀವಕೋಶದ ಪೊರೆಗೆ ಬೆಸೆದುಕೊಂಡು ಒಳಗೆ ಹೋಗುವದು ಈ ಪ್ರೋಟೀನಿನ ಸಹಾಯದಿಂದ. ಅದು 553 ಅಮಿನೋ ಆಮ್ಲಗಳ ಒಂದೇ ಸರವಾಗಿ ತಯಾರಾಗುವದು; ಆದರೆ 116ನೆಯ ಮತ್ತು 117ನೆಯ ಮಣಿಗಳ ನಡುವೆ ಅದು ಕತ್ತರಿಸಲ್ಪಟ್ಟ ಹೊರತು ಕೆಲಸಕ್ಕೆ ಬಾರದು. ಬಾಯಿಯನ್ನು ಹೊಲಿದು ಮುಚ್ಚಿದ ಒಂದು ಚೀಲವನ್ನು ಭಾವಿಸಿರಿ. ಹೊಲಿಗೆಯನ್ನು ಕತ್ತರಿಸಿದರೆ ಮಾತ್ರ ಚೀಲವು ತೆರೆಯುವದು. ಕತ್ತರಿಯೋ ವೈರಾಣುವಿನದಲ್ಲ, ಕೋಳಿಯ ಶರೀರದಲ್ಲಿರುವ ಕಿಣ್ವಗಳೇ ಕತ್ತರಿಗಳು.

ಸೌಮ್ಯವಾದ ತಳಿಗಳಲ್ಲಿ ಆ ಹೊಲಿಗೆಯನ್ನು ಕತ್ತರಿಸಬಲ್ಲ ಕಿಣ್ವಗಳು ಕೋಳಿಯ ಉಸಿರಿನ ನಾಳದಲ್ಲಿಯೂ ಕರುಳಿನಲ್ಲಿಯೂ ಮಾತ್ರವೇ ಇರುವವು. ಆದಕಾರಣ ಅಂಥ ವೈರಾಣುವು ಆ ಎರಡು ಕಡೆಗಳಲ್ಲಿಯೇ ಬೆಳೆದು, ಸ್ವಲ್ಪ ಸೀನು ಕೆಮ್ಮುಗಳನ್ನುಂಟುಮಾಡಿ ಅಡಗುವದು. ಉಗ್ರವಾದ ತಳಿಗಳಲ್ಲಿಯಾದರೋ ಸಂದಿನ ಬಳಿ ಆರ್ಜಿನೀನ್, ಲೈಸೀನ್ ಎಂಬ ಕ್ಷಾರ ಸ್ವಭಾವದ ಅಮಿನೋ ಆಮ್ಲಗಳು ಗುಂಪಾಗಿ ಕೂಡಿರುವವು. 117ನೆಯ ಸ್ಥಾನದಲ್ಲಿ ಲ್ಯೂಸೀನಿಗೆ ಬದಲಾಗಿ ಫಿನೈಲಾಲನೀನ್ ಇರುವದು. ಇಂಥ ಹೊಲಿಗೆಯನ್ನು ಕತ್ತರಿಸುವ ಫ್ಯೂರಿನ್ ಮೊದಲಾದ ಕಿಣ್ವಗಳು ಶರೀರದ ಬಹುತೇಕ ಎಲ್ಲಾ ಜೀವಕೋಶಗಳಲ್ಲಿಯೂ ಇರುವವು. ಆಗ ವೈರಾಣುವಿಗೆ ಎಲ್ಲಾ ಬಾಗಿಲುಗಳೂ ತೆರೆದಂತಾಗಿ, ಅದು ಗುಲ್ಮ, ಕರುಳು, ಮಿದುಳುಗಳಿಗೂ ವ್ಯಾಪಿಸುವದು. ಮಿದುಳನ್ನು ಹೊಕ್ಕಾಗ ಕುತ್ತಿಗೆಯು ತಿರುಚುವದು. ಕರುಳನ್ನು ಹಾಳುಮಾಡಿದಾಗ ಹಸುರು ಭೇದಿಯು ಆಗುವದು.

ಪಂಡಿತರು ಈ ತಳಿಗಳನ್ನು ಬಲಕ್ಕೆ ತಕ್ಕಂತೆ ಮೂರು ವರ್ಗ ಮಾಡಿದ್ದಾರೆ: ಸೌಮ್ಯ, ಮಧ್ಯಮ, ಉಗ್ರ. ಬಲವನ್ನು ಅಳೆಯುವ ಕ್ರಮವೊಂದು ಉಂಟು. ಒಂದು ದಿನದ ಹತ್ತು ಮರಿಗಳ ಮಿದುಳಿಗೆ ವೈರಾಣುವನ್ನು ಚುಚ್ಚಿ ಎಂಟು ದಿನಗಳ ವರೆಗೆ ನೋಡುವರು. ಆರೋಗ್ಯವಾಗಿರುವ ಮರಿಗೆ ಸೊನ್ನೆ, ರೋಗದಿಂದಿರುವದಕ್ಕೆ ಒಂದು, ಸತ್ತದ್ದಕ್ಕೆ ಎರಡು ಎಂದು ದಿನದಿನವೂ ಅಂಕ ಹಾಕಿ ಸರಾಸರಿಯನ್ನು ತೆಗೆಯುವರು. ಉಗ್ರ ತಳಿಗಳ ಅಂಕವು ಎರಡನ್ನು ಸಮೀಪಿಸುವದು. ಅಂಕವು 0.7 ಅಥವಾ ಅದಕ್ಕೆ ಹೆಚ್ಚಾಗಿದ್ದರೆ, ಇಲ್ಲವೆ ಮೇಲೆ ಹೇಳಿದ ಸಂದಿನಲ್ಲಿ ಉಗ್ರತೆಯ ಗುರುತು ಇದ್ದರೆ, ಅದನ್ನು ವರದಿ ಮಾಡಲೇಬೇಕಾದ ರೋಗವೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ವಿಧಿಸಿದೆ. ಈಗ ಬರಹವನ್ನೇ ನೇರವಾಗಿ ಓದುವ ವಿಧಾನಗಳು ಬಂದಿರುವದರಿಂದ, ತಳಿಯ ಸ್ವಭಾವವನ್ನು ಮರಿಗಳನ್ನು ಹಿಂಸಿಸದೆಯೂ ಬಹುಮಟ್ಟಿಗೆ ಶೀಘ್ರವಾಗಿ ಅರಿಯಬಹುದಾಗಿದೆ.

ಇಷ್ಟರಿಂದ ಮೊದಲನೆಯ ಪ್ರಶ್ನೆಗೆ ಉತ್ತರವು ದೊರೆಯಿತು. ಒಂದು ಊರಿಗೆ ಬಂದದ್ದು ಸೌಮ್ಯ ತಳಿ, ಮತ್ತೊಂದು ಊರಿಗೆ ಬಂದದ್ದು ಉಗ್ರ ತಳಿ. ಇದಲ್ಲದೆ ಕೋಳಿಯ ವಯಸ್ಸು, ಅದರ ಪುಷ್ಟಿ, ಹಿಂದೆ ಪಡೆದ ಲಸಿಕೆ ಇವುಗಳೂ ಲೆಕ್ಕಕ್ಕೆ ಬರುವವು. ಎಳೆ ಮರಿಗಳೇ ಹೆಚ್ಚಾಗಿ ಸಾಯುವವು.

ಸೌಮ್ಯವಾದದ್ದು ಉಗ್ರವಾಗುವದು ಬರಿಯ ಊಹೆಯಲ್ಲ ಎಂಬದಕ್ಕೆ ಆಸ್ಟ್ರೇಲಿಯ ದೇಶದಲ್ಲಿ ನಡೆದ ಸಂಗತಿಯು ಸಾಕ್ಷಿಯಾಗಿದೆ. ಅಲ್ಲಿ ಉಗ್ರ ತಳಿಯು ಬಹು ಕಾಲದಿಂದ ಇರಲಿಲ್ಲ; ಸೌಮ್ಯ ತಳಿಗಳು ಮಾತ್ರ ಕೋಳಿಗಳಲ್ಲಿ ಸದ್ದಿಲ್ಲದೆ ಇದ್ದವು. 1998ರಲ್ಲಿ ಸಿಡ್ನಿ ನಗರದ ಪಶ್ಚಿಮ ಭಾಗದಲ್ಲಿಯೂ, 1999ರಲ್ಲಿ ಮ್ಯಾಂಗ್ರೋವ್ ಮೌಂಟನ್ ಎಂಬಲ್ಲಿಯೂ ಕೋಳಿಗಳು ಸಾಯತೊಡಗಿದವು. ಮ್ಯಾಂಗ್ರೋವ್ ಮೌಂಟನಿನಲ್ಲಿ ರೋಗವನ್ನು ಅಳಿಸುವದಕ್ಕಾಗಿ ಸುಮಾರು 19 ಲಕ್ಷ ಕೋಳಿಗಳನ್ನು ಕೊಲ್ಲಬೇಕಾಯಿತು. ಪರದೇಶದಿಂದ ರೋಗವು ಬಂದಿತೇ ಎಂದು ವಿಚಾರಿಸಿ ನೋಡಲಾಗಿ, ಅದು ಹೊರಗಿನಿಂದ ಬಂದದ್ದಲ್ಲ. ಆ ಪ್ರಾಂತದ ಒಂದು ಸೌಮ್ಯ ತಳಿಯೇ ಎಫ್ ಪ್ರೋಟೀನಿನ ಸಂದಿನಲ್ಲಿ ಎರಡು ಅಮಿನೋ ಆಮ್ಲಗಳ ಬದಲಾವಣೆಯನ್ನು ಹೊಂದಿ ಉಗ್ರವಾಗಿತ್ತು. ಗ್ಲೈಸೀನ್ ಇದ್ದಲ್ಲಿ ಆರ್ಜಿನೀನ್, ಲ್ಯೂಸೀನ್ ಇದ್ದಲ್ಲಿ ಫಿನೈಲಾಲನೀನ್, ಇಷ್ಟೇ. ಹದಿನೈದು ಸಾವಿರಕ್ಕೆ ಮಿಕ್ಕ ಅಕ್ಷರಗಳ ಬರಹದಲ್ಲಿ ಕೈಬೆರಳುಗಳಿಂದ ಎಣಿಸಬಹುದಾದ ತಪ್ಪುಗಳು ಲಕ್ಷಗಟ್ಟಲೆ ಕೋಳಿಗಳ ಪ್ರಾಣಕ್ಕೆ ಮುಳುವಾದವು.

ಆದರೂ ಆ ಒಂದು ಸಂದೇ ಸರ್ವಸ್ವವೆಂದು ಹೇಳಲಾಗದು. 1940ರ ದಶಕದಲ್ಲಿ ನಮ್ಮ ದೇಶದ ಪಂಡಿತರು ಉಗ್ರವಾದ ವೈರಾಣುವನ್ನು ಕೋಳಿಮೊಟ್ಟೆಯೊಳಗಿನ ಭ್ರೂಣಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಬಲವನ್ನು ಕುಗ್ಗಿಸಿದರು. ಹೀಗೆ ಸಿದ್ಧವಾದ ತಳಿಯು ಮುಕ್ತೇಶ್ವರದ ಹೆಸರಿನಿಂದಲೂ ಆರ್‌ಟುಬಿ ಎಂಬ ಗುರುತಿನಿಂದಲೂ ಪ್ರಸಿದ್ಧವಾಗಿ, ಇಂದಿಗೂ ಲಸಿಕೆಗೆ ಬರುತ್ತಿದೆ. ವಿಚಿತ್ರವೇನೆಂದರೆ, ಅದರ ಸಂದಿನಲ್ಲಿ ಉಗ್ರತೆಯ ಗುರುತು ಹಾಗೆಯೇ ಇದ್ದರೂ ಅದು ಮಧ್ಯಮ ಬಲದ್ದಾಗಿದೆ. ಪಾರಿವಾಳಗಳಲ್ಲಿ ಹರಡುವ ಇದರ ಒಂದು ಪ್ರಭೇದದಲ್ಲಿಯೂ ಇದೇ ಪ್ರಕಾರವುಂಟು. ಅದು ಕೋಳಿಗೆ ಮೊದಲು ಅಷ್ಟು ಕ್ರೂರವಾಗಿ ತೋರದಿದ್ದರೂ, ಕೋಳಿಯಿಂದ ಕೋಳಿಗೆ ದಾಟಿಸುತ್ತಾ ಹೋದರೆ ಬಲವನ್ನು ಪಡೆಯುವದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇವುಗಳಿಂದ ಮಿಕ್ಕ ಜೀನುಗಳಿಗೂ ರೋಗದ ಬಲದಲ್ಲಿ ಪಾಲುಂಟೆಂದು ತಿಳಿಯುವದು. ಹಬ್ಬದ ಅಡಿಗೆಗೆ ಉಪ್ಪು ಮುಖ್ಯವಾದರೂ ಉಪ್ಪೊಂದರಿಂದಲೇ ಅಡಿಗೆಯಾಗದಷ್ಟೆ.

ಈಗ ಎರಡನೆಯ ಪ್ರಶ್ನೆಗೆ ಬರುವೆವು. ಬರಹದ ಭೇದಗಳನ್ನು ಹಿಡಿದು ಈ ವೈರಾಣುವನ್ನು ಎರಡು ದೊಡ್ಡ ವರ್ಗಗಳಾಗಿಯೂ, ಎರಡನೆಯ ವರ್ಗವನ್ನು ಇಪ್ಪತ್ತಕ್ಕೆ ಕಡಿಮೆಯಿಲ್ಲದ ಗೋತ್ರಗಳಾಗಿಯೂ ವಿಂಗಡಿಸಿರುವರು. ಲೋಕದಲ್ಲಿ ಹೆಚ್ಚಾಗಿ ಉಪಯೋಗದಲ್ಲಿರುವ ಲಸೋಟ ಎಂಬ ಲಸಿಕೆಯ ತಳಿಯು 1940ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ದೊರೆತದ್ದು. ಅದರ ಗೋತ್ರ ಬೇರೆ, ಇಂದು ನಮ್ಮ ದೇಶದಲ್ಲಿ ಕೋಳಿಗಳನ್ನು ಕೊಲ್ಲುವ ತಳಿಗಳ ಗೋತ್ರ ಬೇರೆ. ಆದರೂ ಶರೀರದ ರಕ್ಷಣಾಶಕ್ತಿಗೆ ಇವೆಲ್ಲವೂ ಒಂದೇ ಜಾತಿಯವು. ಒಂದನ್ನು ಗುರುತಿಸಲು ಕಲಿತ ಕೋಳಿಯು ಮತ್ತೊಂದನ್ನೂ ಗುರುತಿಸುವದು. ಆದಕಾರಣ ಹಳೆಯ ಲಸಿಕೆಯೂ ಸರಿಯಾಗಿ ಹಾಕಿದಲ್ಲಿ ಸಾವಿನಿಂದ ಕಾಪಾಡುವದು. ಆದರೆ ಸೋಂಕನ್ನೇ ಪೂರ್ತಿಯಾಗಿ ತಡೆಯಲಾರದು. ಲಸಿಕೆ ಪಡೆದ ಕೋಳಿಯು ತಾನು ಚೆನ್ನಾಗಿದ್ದುಕೊಂಡೇ ಹಿಕ್ಕೆಯಲ್ಲಿಯೂ ಉಸಿರಿನಲ್ಲಿಯೂ ಉಗ್ರ ವೈರಾಣುವನ್ನು ಕೆಲವು ದಿನ ಹೊರಬಿಡಬಹುದು. ನೆರೆಮನೆಯ ಲಸಿಕೆಯಿಲ್ಲದ ಕೋಳಿಗಳಿಗೆ ಅದು ಮೃತ್ಯುವಾಗುವದು. ಈ ಕಾರಣದಿಂದ ಬೀದಿಯಲ್ಲಿ ಒಂದು ಮನೆಯವರು ಲಸಿಕೆ ಹಾಕಿಸಿ ಹತ್ತು ಮನೆಯವರು ಬಿಡುವದಕ್ಕಿಂತ, ಎಲ್ಲರೂ ಕೂಡಿ ಒಂದೇ ದಿನ ಹಾಕಿಸುವದು ಶ್ರೇಷ್ಠ.

ಲಸಿಕೆ ಹಾಕಿಸಿದ ಮೇಲೂ ಕೋಳಿಗಳು ಸಾಯುವದಕ್ಕೆ ಸಾಮಾನ್ಯವಾಗಿ ಕಾರಣಗಳು ಇವು. ಮೊದಲನೆಯದಾಗಿ, ಲಸಿಕೆಯಲ್ಲಿರುವದು ಜೀವವುಳ್ಳ ವೈರಾಣು. ಬಿಸಿಲಿಗೂ ಸೆಕೆಗೂ ಸಿಕ್ಕಿದರೆ ಅದು ಸತ್ತುಹೋಗುವದು. ಆಸ್ಪತ್ರೆಯಿಂದ ಮಂಜುಗಡ್ಡೆಯಲ್ಲಿಟ್ಟು ತಾರದೆ ಸೆರಗಿನಲ್ಲಿ ಕಟ್ಟಿ ತಂದ ಲಸಿಕೆಯು ಬರಿಯ ನೀರಿಗೆ ಸಮಾನ. ಎರಡನೆಯದಾಗಿ, ಕುಡಿಯುವ ನೀರಿನಲ್ಲಿ ಬೆರಸುವಾಗ ನಲ್ಲಿಯ ನೀರಿನ ಕ್ಲೋರೀನು ಅದನ್ನು ಕೊಲ್ಲುವದು; ಬಾವಿಯ ಶುದ್ಧವಾದ ನೀರನ್ನು ಉಪಯೋಗಿಸಿ, ಸ್ವಲ್ಪ ಕೆನೆ ತೆಗೆದ ಹಾಲಿನ ಪುಡಿಯನ್ನು ಬೆರಸುವದು ಒಳ್ಳೇದು. ಮೂರನೆಯದಾಗಿ, ಲಸಿಕೆ ಪಡೆದ ತಾಯಿಯಿಂದ ಹುಟ್ಟಿದ ಮರಿಗಳಲ್ಲಿ ತಾಯಿಯಿಂದ ಬಂದ ರಕ್ಷಣೆಯು ಕೆಲವು ವಾರ ಇರುವದು. ಅದು ಲಸಿಕೆಯ ಕೆಲಸಕ್ಕೂ ಅಡ್ಡ ಬರುವದರಿಂದ ಒಂದೇ ಸಾರಿ ಹಾಕಿ ಸುಮ್ಮನಾಗಬಾರದು. ನಾಲ್ಕನೆಯದಾಗಿ, ಲಸಿಕೆಯ ಫಲವು ಬರಲು ಒಂದೆರಡು ವಾರ ಬೇಕು. ನೆರೆಯಲ್ಲಿ ರೋಗ ಬಂದ ಮೇಲೆ ಅವಸರದಿಂದ ಹಾಕಿಸಿದಾಗ, ಒಳಗೆ ಆಗಲೇ ಸೋಂಕಿದ್ದ ಕೋಳಿಗಳು ಸಾಯುವವು. ಜನರು ಲಸಿಕೆಯನ್ನು ದೂರುವರು. ನಮ್ಮ ಎಣಿಕೆಯಲ್ಲಿ ಲಸಿಕೆಗೆ ಬಂದ ಅಪವಾದದಲ್ಲಿ ಹೆಚ್ಚಿನದು ಈ ನಾಲ್ಕನೆಯದರಿಂದಲೇ ಹುಟ್ಟಿದ್ದು.

ಆದರೆ ಒಂದು ಎಚ್ಚರಿಕೆಯನ್ನು ಹೇಳದಿರಲಾಗದು. ಮಧ್ಯಮ ಬಲದ ಆರ್‌ಟುಬಿ ಲಸಿಕೆಯನ್ನು ಎಳೆ ಮರಿಗಳಿಗೆ ಕೊಡಲೇಬಾರದು. ಅವಕ್ಕೆ ಅದು ರೋಗವನ್ನೂ ಕಾಲುಬೀಳುವಿಕೆಯನ್ನೂ ತರಬಹುದು. ನಮ್ಮ ದೇಶದ ರೂಢಿಯಲ್ಲಿ ಮೊದಲ ವಾರದಲ್ಲಿ ಸೌಮ್ಯವಾದ ಎಫ್ ತಳಿಯ ಅಥವಾ ಲಸೋಟ ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕುವರು. ನಾಲ್ಕನೆಯ ವಾರದ ಸುಮಾರಿಗೆ ಲಸೋಟವನ್ನು ನೀರಿನಲ್ಲಿ ಕೊಡುವರು. ಆರು ವಾರ ಕಳೆದು ಎಂಟನೆಯ ವಾರದ ಹೊತ್ತಿಗೆ ಆರ್‌ಟುಬಿಯನ್ನು ಚುಚ್ಚುವರು. ಈ ಕ್ರಮವನ್ನು ಹತ್ತಿರದ ಪಶುವೈದ್ಯರಿಂದ ಕೇಳಿ ತಿಳಿದೇ ನಡಿಸತಕ್ಕದ್ದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರ್ಕಾರದ ಸಂಸ್ಥೆಯಲ್ಲಿ ಈ ರೋಗದ ಲಸಿಕೆಯು ತಯಾರಾಗುತ್ತದೆ.

ಮಂಜುಗಡ್ಡೆ ಸಿಗದ ಹಳ್ಳಿಗಳಿಗೆ ಏನು ಗತಿ ಎಂದು ಕೇಳಬಹುದು. ಈ ಪ್ರಶ್ನೆಯನ್ನು ಮನಸ್ಸಿಗೆ ತಂದುಕೊಂಡೇ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಸ್ಪ್ರಾಡ್‌ಬ್ರೋ ಎಂಬ ಪಂಡಿತರೂ ಅವರ ಸಂಗಡಿಗರೂ ಐ-2 ಎಂಬ ಸೆಕೆಯನ್ನು ತಾಳುವ ಸೌಮ್ಯ ತಳಿಯನ್ನು ಸಿದ್ಧಪಡಿಸಿದರು. ಆಫ್ರಿಕದ ಮೊಜಾಂಬಿಕ್, ಟಾಂಜಾನಿಯ ಮೊದಲಾದ ದೇಶಗಳಲ್ಲಿ ಹಳ್ಳಿಯ ಸ್ತ್ರೀಯರೂ ತರಬೇತಿಯನ್ನು ಪಡೆದು, ನಾಲ್ಕು ತಿಂಗಳಿಗೊಂದಾವರ್ತಿ ಕೋಳಿಗಳ ಕಣ್ಣಿಗೆ ಒಂದೊಂದು ಹನಿಯನ್ನು ಹಾಕುತ್ತಾ ಬಂದಿದ್ದಾರೆ. ವೈರಾಣುಗಳೊಳಗಿನ ಭೇದವು ಮನುಷ್ಯರಿಗೆ ಶತ್ರು ಮಾತ್ರವಲ್ಲ. ಅದನ್ನು ಅರಿತವರಿಗೆ ಸಹಾಯವೂ ಆಗುವದೆಂಬದಕ್ಕೆ ಇದು ನಿದರ್ಶನ.

ರೋಗವು ಬಂದಾಗ ಮಾಡತಕ್ಕದ್ದೂ ಮಾಡಬಾರದ್ದೂ ಸ್ಪಷ್ಟವಾಗಿದೆ. ಖಾಯಿಲೆಯ ಕೋಳಿಯನ್ನು ಸಾಯುವದಕ್ಕೆ ಮುಂಚೆ ಸಂತೆಯಲ್ಲಿ ಅಗ್ಗಕ್ಕೆ ಮಾರುವದು ಕೆಲವರಿಗೆ ಜಾಣತನವೆಂದು ತೋರಬಹುದು. ಆದರೆ ಒಂದು ಬುಟ್ಟಿ ಕೋಳಿಯು ಒಂದು ಸಂತೆಯಿಂದ ಹತ್ತು ಊರಿಗೆ ರೋಗವನ್ನು ಒಯ್ಯುವದು. ಬಡವಳಾದ ಮತ್ತೊಬ್ಬ ತಾಯಿಯ ಗೂಡನ್ನು ಬರಿದು ಮಾಡಿ ನಮ್ಮ ನಷ್ಟವನ್ನು ತುಂಬಿಕೊಳ್ಳುವದು ನ್ಯಾಯವಲ್ಲ. ಸತ್ತ ಕೋಳಿಗಳನ್ನು ತಿಪ್ಪೆಗೂ ಹಳ್ಳಕ್ಕೂ ಎಸೆಯದೆ ಆಳವಾಗಿ ಹೂಳಿ ಸುಣ್ಣವನ್ನು ಹಾಕಬೇಕು. ಹೊಸದಾಗಿ ಕೊಂಡ ಕೋಳಿಗಳನ್ನು ಎರಡು ಮೂರು ವಾರ ಬೇರೆಯಾಗಿ ಕಟ್ಟಿರಬೇಕು. ಕಾಳನ್ನು ಪಾರಿವಾಳಗಳು ಮುಟ್ಟದಂತೆ ಮುಚ್ಚಿಡಬೇಕು. 1984ರಲ್ಲಿ ಇಂಗ್ಲೆಂಡಿನಲ್ಲಿ ಪಾರಿವಾಳಗಳಿಂದ ಮಲಿನವಾದ ಮೇವಿನ ಮೂಲಕ ಕೋಳಿಗಳಿಗೆ ಈ ರೋಗವು ಹಬ್ಬಿತು. ಬಹು ಕೋಳಿಗಳು ಒಮ್ಮೆಗೆ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಲೇಬೇಕು. ಯಾಕಂದರೆ ಹಕ್ಕಿಜ್ವರದ ಲಕ್ಷಣಗಳೂ ಹೆಚ್ಚುಕಡಿಮೆ ಹೀಗೆಯೇ ಇರುವದರಿಂದ, ಪರೀಕ್ಷೆಯಿಲ್ಲದೆ ಇಂಥದೇ ಎಂದು ಹೇಳಲಾಗದು.

ಮನುಷ್ಯರಿಗೆ ಇದರಿಂದ ದೊಡ್ಡ ಅಪಾಯವಿಲ್ಲ. ರೋಗದ ಕೋಳಿಯನ್ನಾಗಲಿ ಲಸಿಕೆಯನ್ನಾಗಲಿ ಮುಟ್ಟಿದ ಕೈಯಿಂದ ಕಣ್ಣನ್ನುಜ್ಜಿಕೊಂಡರೆ ಕಣ್ಣು ಕೆಂಪಾಗಿ ಕೆಲವು ದಿನ ನೋಯುವದು. 1943ರಲ್ಲಿ ಬರ್ನೆಟ್ ಎಂಬ ಪ್ರಸಿದ್ಧ ಪಂಡಿತರು ಪ್ರಯೋಗಶಾಲೆಯವರಲ್ಲಿ ಇದನ್ನು ಕಂಡು ಬರೆದಿದ್ದಾರೆ. ಕೈಯನ್ನು ಸಾಬೂನಿನಿಂದ ತೊಳೆದರೆ ಸಾಕು.

ಕಣ್ಣಿಗೆ ಕಾಣದ ಒಂದು ಬರಹದಲ್ಲಿ ಒಂದೆರಡು ಅಕ್ಷರಗಳು ಬದಲಾಗುವದನ್ನು ನಾವು ತಡೆಯಲಾರೆವು. ಆದರೆ ಅದಕ್ಕೆ ಬೆಳೆಯಲು ಲಸಿಕೆಯಿಲ್ಲದ ಕೋಳಿಗಳನ್ನೂ, ಹರಡಲು ಸಂತೆಯ ದಾರಿಯನ್ನೂ ಒದಗಿಸದಿರುವದು ನಮ್ಮ ಕೈಯಲ್ಲಿದೆ. ನಮ್ಮ ಹಳೆ ವಿದ್ಯಾರ್ಥಿನಿಯರು ತಮ್ಮ ತಮ್ಮ ಬೀದಿಗಳಲ್ಲಿ ನಾಲ್ಕು ಮಂದಿ ಹೆಂಗಸರನ್ನು ಕೂಡಿಸಿ, ಪಶುವೈದ್ಯರನ್ನು ಕರೆಯಿಸಿ, ಸೆಕೆಗಾಲವು ಆರಂಭವಾಗುವದಕ್ಕೆ ಮುಂಚೆಯೇ ಒಂದು ದಿನವನ್ನು ಗೊತ್ತುಮಾಡಿದರೆ, ಎಷ್ಟೋ ಮನೆಗಳ ಮೊಟ್ಟೆಯ ಹಣವು ಉಳಿಯುವದು. ಅದರಿಂದ ಎಷ್ಟೋ ಬಾಲಕಿಯರ ಓದೂ ನಿಲ್ಲದೆ ಸಾಗುವದು.